ಹಿಂದೂರಾವ್ ಆಬಾರ ಬೆನ್ನು

ನಮ್ಮ ಓಣಿಯಲ್ಲಿ ಹಿಂದೂರಾವ್ ಆಬಾರ ಮುಖಕ್ಕಿಂತ ಅವರ ಬೆನ್ನಿಗೆ ಹೆಚ್ಚು ಹೆಸರು. ಕೊಲ್ಹಾಪುರದಲ್ಲಿ ಪೈಲ್ವಾನರಿಗೆ ಕೊರತೆಯಿಲ್ಲ. ಯಾವ ಓಣಿಗೆ ಹೋದರೂ ಕುಸ್ತಿಯ ತಾಲೀಮು, ಅಂದರೆ ಗರಡಿಮನೆ, ಒಂದಿರುತ್ತದೆ, ಅದರ ಕಟ್ಟೆಯ ಮೇಲೆ ಕಿವಿ ಮುರುಟಿದ ಮುದುಕರು ಕೂತಿರುತ್ತಾರೆ. ಆದರೆ ಒಮ್ಮೆಯೂ ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದ ಪೈಲ್ವಾನ ನಮ್ಮ ಓಣಿಯಲ್ಲಿ ಮಾತ್ರ ಇದ್ದಾನೆಂದು ನಮ್ಮ ಓಣಿಯವರು ಹೇಳುತ್ತಾರೆ. ಬೇರೆ ಓಣಿಯವರು ಬೇರೆ ಹೇಳಬಹುದು. ನಾನು ಎಲ್ಲ ಓಣಿಗಳಲ್ಲೂ ವಿಚಾರಿಸಿಲ್ಲ, ಅದಕ್ಕೆ ನಮ್ಮ ಓಣಿಯ ಮಾತನ್ನಷ್ಟೇ ಬರೆಯುತ್ತಿದ್ದೇನೆ.

ಎರಡೂ ಭುಜ ಒಟ್ಟಿಗೆ ಮಣ್ಣಿಗೆ ತಾಗಿದರೆ ಪೈಲ್ವಾನ ಚಿತ್ ಆದಂತೆ, ಸೋತಂತೆ. ಒಂದೇ ಭುಜ ತಾಗಿದರೆ ಲೆಕ್ಕಕ್ಕಿಲ್ಲ. ಆಬಾ ಕುಸ್ತಿ ಬಿಟ್ಟು ಎಷ್ಟೋ ಕಾಲವಾಯಿತು. ಈಗ ಅವರಿಗೆ ಒಂದು ಎಮ್ಮೆ ಇದೆ. ಸಂಜೆ ಅದನ್ನು ಚೌಕಕ್ಕೆ ಹೊಡೆದುಕೊಂಡು ಹೋಗಿ, ಗಿರಾಕಿಗಳ ಕಣ್ಣೆದುರೇ ಹಿಂಡಿ, ನೊರೆ ತುಂಬಿದ ಲೋಟ ಕೈಗೆ ಕೊಡುತ್ತಾರೆ. ಆದರೆ ಬೆನ್ನಿನ ಅಭ್ಯಾಸ ಮಾತ್ರ ಹೋಗಿಲ್ಲ. ಕ್ಷೌರದಂಗಡಿಯಲ್ಲಿ ಖುರ್ಚಿ ಹಿಂದಕ್ಕೆ ಬಾಗಿತೆಂದರೆ ಮುಖದ ತುಂಬ ಸೋಪು ಇದ್ದಹಾಗೆಯೇ ಎದ್ದು ನಿಲ್ಲುತ್ತಾರೆ. ಎದೆಯ ಪರೀಕ್ಷೆ ಮಾಡಿಸಲು ಹೋದಾಗ ಡಾಕ್ಟರು ಅಂಗಾತ ಮಲಗಿ ಎಂದರಂತೆ. ಆಬಾ, "ಯಾಕ, ನೀವು ನನ್ನ ಮ್ಯಾಲೆ ಕುಂಡ್ರವರದೀರೇನು?" ಎಂದು ಕೇಳಿ ಮಗ್ಗುಲಾಗಿಯೇ ಮಾಡಿಸಿಕೊಂಡು ಬಂದರಂತೆ.

ಅವರ ಹೆಂಡತಿ ಹೌಸಾ ಆಜಿಗೆ ಇದೆಲ್ಲ ಬೇಸರ. "ಮದವಿ ಆದಾಗಿಂದ ಒಂದ ಮಗ್ಗಲಾ ನೋಡೇನಿ ನಾ," ಎನ್ನುತ್ತಾರೆ. "ಇನ್ನೊಂದ ಮಗ್ಗಲಾ ಯಾರಿಗಿ ಇಟ್ಟಾನೋ ಏನೋ."

ಎದುರುಮನೆಯಲ್ಲಿ ಆಕಾರಾಮ್ ತಾತ್ಯಾ ಇರುತ್ತಾರೆ. ನಲವತ್ತು ವರ್ಷದ ಹಿಂದೆ ಇಬ್ಬರೂ ದೊಡ್ಡ ಮೈದಾನದಲ್ಲಿ ಎದುರುಬದುರಾಗಿದ್ದರು. ಮಧ್ಯಾಹ್ನ ಹಿಡಿದ ಕುಸ್ತಿ ಹೊತ್ತು ಮುಳುಗಿದರೂ ಮುಗಿಯಲಿಲ್ಲ. ಪಂಚರು ಸಮ ಎಂದು ಸಾರಿ ಬಿಡಿಸಿದರು. ಬಿಡಿಸಿದ್ದು ಮೈಗಳನ್ನು ಮಾತ್ರ. ತಾತ್ಯಾ ಇವತ್ತಿಗೂ ತಮ್ಮ ಕಟ್ಟೆಯಿಂದ ಆಬಾರನ್ನು ಹಿಂದ್ಯಾ ಎಂದೇ ಕರೆದು ಕೂಗುತ್ತಾರೆ: "ಇನ್ನೊಂದ ಗಳಿಗಿ ಬಿಟ್ಟಿದ್ರ ಹಿಂದ್ಯಾಗ ಆಕಾಶ ತೋರಿಸ್ತಿದ್ದೆ!"

ಆಬಾ ಎಮ್ಮೆಯ ಮೈ ತೊಳೆಯುತ್ತಲೇ ಉತ್ತರ ಕೊಡುತ್ತಾರೆ: "ಆಕಾಶ ಎಲ್ಲೈತಿ ಅಂತ ಈಗ ನಿನಗ ನಾನ ತೋರಿಸಬೇಕಲೇ ಆಕ್ಯಾ."

ಏಕೆಂದರೆ ತಾತ್ಯಾರ ಎರಡೂ ಕಣ್ಣಿಗೆ ಪೊರೆ ಬಂದಿದೆ. ನಿಂತ ರಿಕ್ಷಾಕ್ಕೆ ರಾಮ್ ರಾಮ್ ಹೇಳಿ, ಉತ್ತರ ಬರದಿದ್ದಕ್ಕೆ ಸಿಟ್ಟು ಮಾಡಿಕೊಂಡದ್ದನ್ನು ನಾನೇ ನೋಡಿದ್ದೇನೆ. ಆಪರೇಶನ್ನಿಗೆ ಮಗ ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. "ಅಂಗಾತ ಮಲಗಬೇಕಂತಲ್ಲ ಅಲ್ಲಿ? ಮೊದಲ ಹಿಂದ್ಯಾ ಮಲಗಲಿ, ಆಮ್ಯಾಲೆ ನಾ ಮಲಗತೇನಿ," ಎಂದು ಕೂತುಬಿಟ್ಟರು.

ನಾನು ಹುಟ್ಟಿದ್ದು ಇಂಥ ಓಣಿಯಲ್ಲಿ. ನನ್ನ ಹೆಸರು ಧೈರ್ಯಶೀಲ. ಹೆಸರಿಟ್ಟದ್ದು ಸೋದರತ್ತೆ. ಆಗ ನಾನು ತೊಟ್ಟಿಲಲ್ಲಿದ್ದೆ, ಯಾರಿಗೂ ಏನೂ ಗೊತ್ತಾಗುವಂತಿರಲಿಲ್ಲ. ಚಿಕ್ಕವನಿದ್ದಾಗ ಅಪ್ಪ ನನ್ನನ್ನು ತಾಲೀಮಿಗೆ ಕಳಿಸಿದರು. ನಾನು ಮಣ್ಣಿಗಿಳಿಯದೆ ಮಾರುತಿಯ ಗೂಡಿನ ಪಕ್ಕ ಕೂತು ಎಲ್ಲವನ್ನೂ ನೋಡುತ್ತಿದ್ದೆ. ಆಬಾ ಬಂದು, "ನೀ ಬರೇ ನೋಡಾವ ಏನಲೇ?" ಎಂದರು. ಹೌದೆಂದು ತಲೆಯಾಡಿಸಿದೆ. "ನೋಡಾವರೂ ಬೇಕು. ಇಲ್ಲಂದ್ರ ನಾವ ಗೆದ್ದದ್ದು ಯಾರಿಗಿ ಗೊತ್ತಾಗಬೇಕು," ಎಂದು ಬೆನ್ನು ತಟ್ಟಿದರು. ಆ ಪೆಟ್ಟಿಗೆ ಎರಡು ದಿನ ಉಸಿರಾಡಲು ಕಷ್ಟವಾಯಿತು, ಆದರೂ ನನ್ನ ಬಗ್ಗೆ ಯಾರಾದರೂ ಹೇಳಿದ ಒಳ್ಳೆಯ ಮಾತು ಅದೇ ಮೊದಲು.

ಹನ್ನೆರಡನೆಯ ತರಗತಿ ಮುಗಿಸಿ ನಾನು ಸಿನಿಮಾ ಕಲಿಸುವ ಒಂದು ಕಾಲೇಜಿಗೆ ಸೇರಿದೆ. ಮೊದಲ ವರ್ಷದ ಕೊನೆಗೆ ಇಬ್ಬಿಬ್ಬರು ಸೇರಿ ಒಂದು ಸಣ್ಣ ಕಥಾಚಿತ್ರ ಮಾಡಿ ಒಪ್ಪಿಸಬೇಕಿತ್ತು. ನನ್ನ ಜೋಡಿಗೆ ಬಂದವಳು ಕೇತಕಿ. ಅವಳ ಸ್ಕೂಟರಿನ ಹಾರನ್ನಿಗಿಂತ ಅವಳ ಗಂಟಲು ದೊಡ್ಡದು. ನಾನು ಕತೆ ಬರೆದು ನಿರ್ದೇಶಿಸುವುದು, ಅವಳು ಕ್ಯಾಮರಾ ಹಿಡಿಯುವುದು ಎಂದು ಹಂಚಿಕೊಂಡೆವು.

ಕತೆಯನ್ನು ನಾನು ಬಹಳ ಎಚ್ಚರಿಕೆಯಿಂದ ಬರೆದೆ. ಒಬ್ಬ ಮುದುಕ ಪೈಲ್ವಾನ ಖಾಲಿ ತಾಲೀಮಿಗೆ ಬರುತ್ತಾನೆ. ಮಣ್ಣಿಗಿಳಿದು ತನ್ನ ನೆರಳಿನ ಜೊತೆ ಕೊನೆಯ ಕುಸ್ತಿ ಆಡುತ್ತಾನೆ. ಆಮೇಲೆ ಮಾಡಿನ ಗಾಜಿನಿಂದ ಬೆಳಗಿನ ಬಿಸಿಲು ಇಳಿಯುತ್ತದೆ, ಅವನ ಮುಖದ ಮೇಲೆ ಬೀಳುತ್ತದೆ. ಕೊನೆಯ ಸಾಲು: "ಅವನು ಅಂಗಾತ ಬಿದ್ದು ಸಾಯುತ್ತಾನೆ." ಈ ಸಾಲನ್ನು ಬರೆದಾಗ ನನಗೆ ಬಹಳ ಸಂತೋಷವಾಗಿತ್ತು. ಆ ಮಾಡಿನ ಬಿಸಿಲನ್ನು ಚಿಕ್ಕಂದಿನಿಂದ ನೋಡಿದವನು ನಾನು. ಆ ಮಣ್ಣಿಗೆ ಒಮ್ಮೆಯೂ ಇಳಿಯದವನೂ ನಾನೇ. ಚಿತ್ರಕತೆಯಲ್ಲಿ ಒಂದು ಪದ ಬರೆಯುವುದೆಂದರೆ ಯಾರದೋ ಮೈಗೆ ಒಂದು ಕೆಲಸ ಹಚ್ಚುವುದು ಎಂದು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಪಾತ್ರ ಮಾಡುತ್ತೀರಾ ಎಂದು ಕೇಳಲು ಚೌಕಕ್ಕೆ ಹೋದಾಗ ಆಬಾ ಹಾಲು ಹಿಂಡುತ್ತಿದ್ದರು. ಕತೆ ಪೂರ್ತಿ ಕೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

"ಕುಸ್ತಿ ಐತೇನು ಅದರಾಗ?"

"ಐತಿ ಆಬಾ. ನೆರಳಿನ ಜೋಡಿ."

"ಗೆಲ್ಲೂದು ಯಾರು?"

"ಯಾರೂ ಗೆಲ್ಲೂದಿಲ್ಲ."

"ಸಮ," ಎಂದರು ಆಬಾ, ತೃಪ್ತಿಯಿಂದ. "ಛಲೋ ಕತಿ. ಆಕ್ಯಾಗೂ ಹೇಳು, ಬಂದ ನೋಡಲಿ."

ಶೂಟಿಂಗು ಶುರುವಾಯಿತು. ನಿರ್ದೇಶಕನಾದವನು 'ಆ್ಯಕ್ಷನ್' ಎಂದು ಕೂಗಬೇಕು. ನಾನು ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದೆ. ಕೇತಕಿ ತಿರುಗಿ ನೋಡಿ, "ಏನಾರ ಅಂದ್ಯಾ?" ಎಂದಳು. ಕೊನೆಗೆ ಆಬಾರಿಗೇ ಕನಿಕರ ಬಂತು. "ನೀ ಕಣ್ಣ ಹೊಡಿ ಸಾಕು, ಉಳಿದದ್ದು ನಾ ನೋಡಕೋತೇನಿ," ಎಂದರು. ಅಂದಿನಿಂದ ನಾನು ಕಣ್ಣು ಮಿಟುಕಿಸುವುದು, ಆಬಾ ತಾವೇ "ಸುರು!" ಎಂದು ಗುಡುಗಿ ತಾವೇ ನಟಿಸುವುದು ರೂಢಿಯಾಯಿತು. ಹೀಗಾಗಿ ನಮ್ಮ ಪ್ರತಿ ಶಾಟಿನ ಆರಂಭದಲ್ಲಿ ಸಾಯಲಿರುವ ಮುದುಕ ಒಮ್ಮೆ ಗುಡುಗುತ್ತಾನೆ. ಅದನ್ನೆಲ್ಲ ಆಮೇಲೆ ಕತ್ತರಿಸಬೇಕಾಯಿತು.

ನಿಧಾನ ನಡೆಯಿರಿ ಎಂದರೆ ಆಬಾ ಎದೆ ಉಬ್ಬಿಸಿ ನಡೆಯುತ್ತಿದ್ದರು. ದುಃಖದಿಂದ ನೋಡಿರಿ ಎಂದರೆ ಮೀಸೆಯ ಮೇಲೆ ಕೈ ಹೋಗುತ್ತಿತ್ತು. ಮಣ್ಣಿಗಿಳಿದ ಮೊದಲ ದಿನ ಅವರು ಪದ್ಧತಿಯಂತೆ ಒಂದು ಚಿಟಿಕೆ ಮಣ್ಣು ತೆಗೆದು ಹಣೆಗೆ ಹಚ್ಚಿ, ಎದುರಿದ್ದವರಿಗೆ ಸಲಾಮಿ ಹಾಕಿದರು. ಎದುರಿದ್ದದ್ದು ಕ್ಯಾಮರಾ. ಸಲಾಮಿ ಹಾಕಿದ ಮೇಲೆ ಸುಮ್ಮನಿರುವುದು ಅವರಿಂದಾಗಲಿಲ್ಲ. ತೊಡೆ ತಟ್ಟಿ, ಬಗ್ಗಿ, ಮೆಲ್ಲಗೆ ಕ್ಯಾಮರಾದ ಕಡೆಗೇ ಸುತ್ತು ಹಾಕುತ್ತ ಬಂದರು. ಕೇತಕಿ ಕ್ಯಾಮರಾ ಎತ್ತಿಕೊಂಡು ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿದಳು.

"ಆಬಾ, ನಾ ನಿಮ್ಮ ನೆರಳಲ್ರೀ! ನೆರಳು ಆ ಕಡೆ ಐತಿ!"

"ಮೊದಲ ಹೇಳಬಾರದ? ಕಾಲ ಹಿಡ್ಯಾವಿದ್ದೆ."

ಮಧ್ಯಾಹ್ನ ಹೌಸಾ ಆಜಿ ಕೆಂಪು ರಸ್ಸಾ, ಬಿಳಿ ರಸ್ಸಾ, ಮಟನ್ನು, ರಾಶಿ ಭಾಕರಿ ಕಳಿಸುತ್ತಿದ್ದರು. ಉಂಡ ಮೇಲೆ ಕೇತಕಿ ಕ್ಯಾಮರಾದ ಚೀಲಕ್ಕೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು. ನಾನು ಮಾತ್ರ ಆಬಾರ ಧೋತರದ ಗಂಟು ನಿನ್ನೆ ಯಾವ ಕಡೆಗಿತ್ತು, ಹಣೆಯ ಮಣ್ಣು ಎಷ್ಟಿತ್ತು ಎಂದು ನೋಡಿ ಸರಿಪಡಿಸುತ್ತಿದ್ದೆ. ಒಂದು ದಿನ ಬಂದು ನೋಡಿದರೆ ಆಬಾರ ಬಿಳಿ ಮೀಸೆ ಕಪ್ಪಾಗಿತ್ತು. ಸಿನಿಮಾದಲ್ಲಿ ಬರುವವರು ಹಾಗೇ ಬರಬಾರದೆಂದು ಓಣಿಯ ಕ್ಷೌರಿಕ ಕಾಳಜಿಯಿಂದ ಬಣ್ಣ ಹಚ್ಚಿದ್ದ. ನಾನು ಅಳುವಷ್ಟಾದೆ. ಆಜಿ ಮೀಸೆಗೆ ಗೋಧಿಹಿಟ್ಟು ತಿಕ್ಕಿ ಬಿಳಿ ಮಾಡಿ ಕಳಿಸಿದರು. ಆ ದಿನದ ಶಾಟುಗಳಲ್ಲಿ ಆಬಾ ಉಸಿರು ಬಿಟ್ಟಾಗಲೆಲ್ಲ ಸಣ್ಣಗೆ ಹೊಗೆಯಂಥದು ಏಳುತ್ತದೆ. ಕಾಲೇಜಿನಲ್ಲಿ ಅದನ್ನು ನೋಡಿ, ಮುದುಕನ ಪ್ರಾಣ ಹೋಗುವುದನ್ನು ಚೆನ್ನಾಗಿ ಸೂಚಿಸಿದ್ದೀಯ ಎಂದರು.

ತಾತ್ಯಾ ದಿನಾಲೂ ತಗಡಿನ ಖುರ್ಚಿ ತಂದು ತಾಲೀಮಿನ ಬಾಗಿಲಲ್ಲಿ ಹಾಕಿಕೊಂಡು ಕೂರುತ್ತಿದ್ದರು. ಕಾಣದಿದ್ದರೂ ಎಲ್ಲದಕ್ಕೂ ಅಭಿಪ್ರಾಯ ಕೊಡುತ್ತಿದ್ದರು. "ಈಗ ಏನ ಮಾಡಾಕತ್ತಾನ?" ಎಂದು ಪಕ್ಕದವರನ್ನು ಕೇಳಿ, ಉತ್ತರ ಬಂದ ಮೇಲೆ, "ತಪ್ಪ ಮಾಡಾಕತ್ತಾನ," ಎನ್ನುತ್ತಿದ್ದರು.

ಕೊನೆಯ ದೃಶ್ಯದ ದಿನ ಬಂತು. ಬಿಸಿಲು ಮಾಡಿನ ಗಾಜಿನಿಂದ ಇಳಿದು ಕೆಂಪು ಮಣ್ಣಿನ ಮೇಲೆ ಚೌಕವಾಗಿ ಬಿದ್ದಿತ್ತು. ಅದು ಸ್ವಲ್ಪ ಹೊತ್ತು ಮಾತ್ರ ಹಾಗೆ ಇರುತ್ತದೆ. ನಾನು ಆಬಾರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

"ಆಬಾ, ಈಗ ನೀವು ಆ ಬಿಸಲಾಗ ಬೀಳಬೇಕು. ಅಂಗಾತ."

"ಯಾರ ಬೀಳಬೇಕು?"

"ನೀವು."

"ಬೀಳಸಾವರ ಯಾರು?"

"ಯಾರೂ ಇಲ್ಲ ಆಬಾ. ಸಾವು ಬರತೈತಿ."

ಆಬಾ ಸುತ್ತಲೂ ನೋಡಿದರು. "ಎಲ್ಲೈತಿ? ಮುಂದ ಬಾ ಅನ್ನು ಅದಕ್ಕ. ಸಲಾಮಿ ಹಾಕಲಿ."

ಬಾಗಿಲಲ್ಲಿ ನಿಂತಿದ್ದ ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ತಾತ್ಯಾರಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವರು ಖುರ್ಚಿಯಿಂದಲೇ ಎದ್ದುಬಿಟ್ಟರು. "ಬೀಳಲೇ ಹಿಂದ್ಯಾ! ನಲವತ್ತ ವರ್ಷ ಆತು, ಕಾದ ಕಾದ ಕಣ್ಣ ಹ್ವಾದವು!"

ಆಬಾ ಮಾತು ಕೊಟ್ಟಿದ್ದರು, ಅದಕ್ಕೆ ಪ್ರಯತ್ನ ಮಾಡಿದರು. ಕಣ್ಣು ಮುಚ್ಚಿ ಹಿಂದಕ್ಕೆ ವಾಲಿದರು. ಮಣ್ಣು ಇನ್ನೇನು ಬೆನ್ನಿಗೆ ತಾಗಬೇಕು, ಅಷ್ಟರಲ್ಲಿ ಮೈ ತಾನಾಗಿಯೇ ಸರಕ್ಕನೆ ತಿರುಗಿ ಅವರು ಬೋರಲಾಗಿ ಬಿದ್ದಿದ್ದರು. ಮತ್ತೆ ಬಿದ್ದರು. ಮತ್ತೆ ಬೋರಲು. ಒಮ್ಮೆಯಂತೂ ತಲೆ ಮತ್ತು ಹಿಮ್ಮಡಿಯ ಮೇಲೆ ಕಮಾನಿನಂತೆ ನಿಂತುಬಿಟ್ಟರು, ಬೆನ್ನಿನ ಕೆಳಗೆ ಬೆಕ್ಕೊಂದು ಹಾಯ್ದು ಹೋಗುವಷ್ಟು ಜಾಗವಿತ್ತು.

"ಆಬಾ, ಸತ್ತವರು ಹಿಂಗ ಹೊರಳೂದಿಲ್ರೀ," ಎಂದಳು ಕೇತಕಿ.

"ನೀ ಎಷ್ಟ ಮಂದೀನ್ನ ನೋಡೀಯವಾ ಸಾಯೂದು?"

ಬಿಸಿಲಿನ ಚೌಕ ಗೋಡೆ ಹತ್ತಿತು. ಆಬಾ ಮೈಯ ಮಣ್ಣು ಒರೆಸಿಕೊಂಡರು. ಎದೆ, ಹೊಟ್ಟೆ, ಮೂಗು ಎಲ್ಲ ಕೆಂಪಾಗಿತ್ತು, ಬೆನ್ನು ಮಾತ್ರ ತೊಳೆದಿಟ್ಟ ಹಾಗಿತ್ತು. "ಬೋರಲ ಸಾಯ್ತೇನಿ, ನಡೀತೈತೇನು?" ಎಂದು ಕೇಳಿದರು. ಮುಖದ ಮೇಲೆ ಬಿಸಿಲು ಬೀಳದಿದ್ದರೆ ನನ್ನ ಚಿತ್ರಕ್ಕೆ ಕೊನೆಯೇ ಇರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ. ಆಬಾ ಧೋತರ ಕೊಡವಿಕೊಂಡು ಹೊರಗೆ ಹೋದರು. ತಾತ್ಯಾ ಹಿಂದಿನಿಂದ, "ಓಡಿದ, ಓಡಿದ," ಎಂದು ಚಪ್ಪಾಳೆ ತಟ್ಟಿದರು. ಆಬಾ ತಿರುಗಿ ಬಯ್ಯಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು.

ಮರುದಿನ ಸಂಜೆ ಚೌಕಕ್ಕೆ ಹೋಗಿ ಎಮ್ಮೆಯ ಪಕ್ಕ ನಿಂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ, ಆದರೆ ಅದೆಲ್ಲ ಮರೆತುಹೋಯಿತು. ಆಬಾ ತಾವೇ ಮಾತು ತೆಗೆದರು.

"ಈಗಿನ ಹುಡುಗರು ಕನ್ನಡಿ ಇರೋ ಜಿಮ್ಮಿಗಿ ಹೋಗತಾವು. ತಾಲೀಮಿನ ಮಣ್ಣ ಹದಾ ಮಾಡಾಕ ಮಜ್ಜಿಗಿ ಸುರವೂದೂ ನಾನ, ಅರಿಷಿಣ ಹಾಕೂದೂ ನಾನ. ನಿನ್ನ ಸಿನಿಮಾ ನೋಡಿ ಒಬ್ಬನಾರ ಒಳಗ ಬಂದಾನು ಅಂದಕೊಂಡಿದ್ದೆ. ಬರಾವ ಏನ ನೋಡ್ಯಾನು ಈಗ? ಹಿಂದೂರಾವ್ ಚಿತ್ ಆಗಿದ್ದು. ಇಡೀ ಜನ್ಮಕ್ಕ ನಾ ಗಳಿಸಿದ್ದು ಇದೊಂದ ಬೆನ್ನು, ಧೈರ್ಯಾ."

ಕೇತಕಿಯ ಲ್ಯಾಪ್‌ಟಾಪು ಚೀಲದಲ್ಲಿತ್ತು. ಬೇರೇನೂ ತೋಚದೆ ಅದನ್ನು ತೆಗೆದು, ಅಲ್ಲಿಯವರೆಗೆ ಜೋಡಿಸಿದ್ದ ಚಿತ್ರವನ್ನು ಹಾಲಿನ ಕ್ಯಾನಿನ ಮೇಲಿಟ್ಟು ತೋರಿಸಿದೆ. ಆಬಾ ಕುಕ್ಕರಗಾಲಲ್ಲಿ ಕೂತು ನೋಡಿದರು. ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಬರುವ ಮುದುಕ. ಗದೆಯ ಮೇಲಿನ ಧೂಳು ಒರೆಸುವ ಮುದುಕ. ತನ್ನ ನೆರಳಿಗೆ ಸಲಾಮಿ ಹಾಕಿ ಯಾರೂ ಬರದೆ ನಿಂತ ಮುದುಕ. ಗಿರಾಕಿಗಳು ಕಾಯುತ್ತಿದ್ದರು, ಎಮ್ಮೆ ಬಾಲ ಬೀಸುತ್ತಿತ್ತು.

"ಮತ್ತೊಮ್ಮೆ ಹಾಕು," ಎಂದರು. ಹಾಕಿದೆ. ಮುಗಿದ ಮೇಲೆ ಕೇಳಿದರು: "ಯಾರೋ ಇಂವಾ ಮುದಕಾ?"

"ನೀವ ಆಬಾ."

"ಛೆ. ನಾ ಹಿಂಗ ನಡೀತೇನೇನು? ಇಂವಾ ಬ್ಯಾರೆ. ಇವಗ ಸಾಕಾಗೇತಿ, ಕಣ್ಣಾಗ ಕಾಣಸ್ತೈತಿ." ಆಮೇಲೆ ಪರದೆಯ ಮೇಲಿನ ಮುದುಕನತ್ತ ಬೆರಳು ತೋರಿಸಿದರು. "ಇವನ್ನ ಕೆಡವಬೇಕೇನು?"

"ಹೌದು."

"ಇವನ್ನ ನಾ ಕೆಡವತೇನಿ. ನಾಳೆ ಮುಂಜಾನೆ ಬಾ. ಮಂದಿ ಬ್ಯಾಡ. ಆಕ್ಯಾ ಅಂತೂ ಬ್ಯಾಡ."

ಮರುದಿನ ತಾಲೀಮಿನ ಬಾಗಿಲು ಹಾಕಿದೆವು. ಹೊರಗೆ ತಾತ್ಯಾ ಕೋಲಿನಿಂದ ಬಾಗಿಲು ಬಡಿಯುತ್ತಿದ್ದರು. ಒಳಗೆ ಆಬಾ ಮಣ್ಣು ಹಣೆಗೆ ಹಚ್ಚಿ ಬಿಸಿಲಿನ ಚೌಕದಲ್ಲಿ ನಿಂತರು. ನಾನು ಕಣ್ಣು ಮಿಟುಕಿಸಿದೆ. ಆ ದಿನ ಅವರು "ಸುರು" ಎಂದು ಗುಡುಗಲಿಲ್ಲ. ಮೊಣಕಾಲು ಮಡಚಿದವು, ಎದೆ ಕುಸಿಯಿತು, ಮೆಲ್ಲಗೆ ಹಿಂದಕ್ಕೆ ಹೋದರು. ಬಲಭುಜ ತಾಗಿತು. ಒಂದು ಕ್ಷಣ ಮೈಯೆಲ್ಲ ತಿರುಗಲು ಬಿಗಿಯಾದದ್ದು ನನಗೆ ಕಂಡಿತು. ಬೆರಳುಗಳು ಮಣ್ಣನ್ನು ಹಿಡಿದುಕೊಂಡವು, ತಮ್ಮನ್ನು ತಾವೇ ಹಿಡಿದು ಕೆಳಗೆ ಒತ್ತುವ ಹಾಗೆ. ಆಮೇಲೆ ಎಡಭುಜವೂ ತಾಗಿತು. ಬಿಸಿಲು ಮುಖದ ಮೇಲಿತ್ತು. ಕೇತಕಿ ಮೂಗೆಳೆದುಕೊಂಡದ್ದು ಮೈಕಿನಲ್ಲಿ ಸೇರಿಹೋಗಿದೆ.

ಆಬಾ ಎದ್ದು, ನೇರ ನಲ್ಲಿಗೆ ಹೋಗಿ, ಬೆನ್ನನ್ನು ಉಜ್ಜಿ ಉಜ್ಜಿ ತೊಳೆದುಕೊಂಡರು. "ಆತೇನು?" ಎಂದರು. ಆಯಿತೆಂದೆ. ಎಮ್ಮೆಗೆ ಹಸಿವಾಗಿದೆ ಎಂದು ಹೇಳಿ ಹೊರಟುಹೋದರು.

ಒಪ್ಪಿಸುವ ಮೊದಲು ಓಣಿಯವರಿಗೆ ಚಿತ್ರ ತೋರಿಸಲೇಬೇಕೆಂದು ಎಲ್ಲರೂ ಹಟ ಹಿಡಿದರು. ದೀಪ ಹಚ್ಚುವ ಹೊತ್ತಿಗೆ ತಾಲೀಮಿನ ಅಂಗಳದಲ್ಲಿ ಆಜಿಯ ಬಿಳಿ ಚಾದರ ಕಟ್ಟಿದೆವು. ತಾತ್ಯಾ ಎಲ್ಲರಿಗಿಂತ ಮುಂದೆ, ಚಾದರಕ್ಕೆ ಮೂಗು ತಾಗುವಷ್ಟು ಹತ್ತಿರ ತಮ್ಮ ಖುರ್ಚಿ ಹಾಕಿಕೊಂಡರು. ಆಬಾ ಎಲ್ಲರಿಗಿಂತ ಹಿಂದೆ, ಬಾಗಿಲ ಬಳಿ ನಿಂತರು. ಆಗ ನನಗೆ ಒಂದು ವಿಷಯ ಹೊಳೆಯಿತು. ಚೌಕದಲ್ಲಿ ಆಬಾ ನೋಡಿದ್ದು ಬೇರೆ ಯಾರೋ ಮುದುಕನನ್ನು. ಓಣಿಯವರು ನೋಡುವುದು ಹಿಂದೂರಾವ್ ಪೈಲ್ವಾನರನ್ನೇ.

ಮೊದಲಿಗೆ ಎಲ್ಲ ಸರಿಯಾಗಿತ್ತು. "ನೋಡ ನಮ್ಮ ಗಡಿಗಿ!", "ಆ ಬಾಗಲಾ ನಾ ತೊಳದಿದ್ದೆ!" ಎಂದು ಗದ್ದಲ. ಕೊನೆಯ ದೃಶ್ಯ ಬಂದಾಗ ಗದ್ದಲ ನಿಂತಿತು. ಚಾದರದ ಮೇಲೆ ಆಬಾ ಹಿಂದಕ್ಕೆ ವಾಲಿದರು, ಬಿದ್ದರು, ಬಿಸಿಲಲ್ಲಿ ಅಂಗಾತ ಮಲಗಿದರು. ಚಿತ್ರ ಮುಗಿಯಿತು. ಚಪ್ಪಾಳೆ ಬೀಳಲಿಲ್ಲ. ಹಿಂದೆ ತಿರುಗಿ ನೋಡುವ ಧೈರ್ಯ ಯಾರಿಗೂ ಇದ್ದಂತಿರಲಿಲ್ಲ. ಸಣ್ಣ ಹುಡುಗಿಯೊಬ್ಬಳು ತಾಯಿಯನ್ನು ಕೇಳಿದಳು: "ಆಯೀ, ಆಬಾ ಚಿತ್ ಆದರೇನು?"

ತಾತ್ಯಾ ಖುರ್ಚಿಯಿಂದ ಎದ್ದರು. ನಾನು ಕಣ್ಣು ಮುಚ್ಚಿಕೊಂಡೆ.

"ಎಡಭುಜ ತಾಗಿಲ್ಲ!" ಎಂದು ತಾತ್ಯಾ ಕೂಗಿದರು.

ಎಲ್ಲರೂ ಅವರ ಕಡೆ ನೋಡಿದರು.

"ಏನ ನೋಡತೀರಿ? ಬಲಭುಜ ತಾಗೇತಿ, ಎಡಭುಜ ತಾಗಿಲ್ಲ. ಎರಡ ಬಟ್ಟ ಮ್ಯಾಲೈತಿ. ಹಿಂದ್ಯಾನ ಕಪಟ ನನಗ ಗೊತ್ತಿಲ್ಲೇನು? ಸತ್ತರೂ ಭುಜಾ ಕೊಡೂದಿಲ್ಲ ಈ ಲುಚ್ಚಾ!"

"ಹೌದಲ್ಲ! ನಾನೂ ನೋಡಿದೆ, ತಾಗಿಲ್ಲ," ಎಂದ ಕ್ಷೌರಿಕ ತಕ್ಷಣ. "ತಾಗಿಲ್ಲ, ತಾಗಿಲ್ಲ," ಎಂದು ಹೆಂಗಸರು. ಒಮ್ಮೆಲೇ ಇಡೀ ಅಂಗಳಕ್ಕೆ ತಾಗದ ಭುಜ ಕಾಣಿಸಿಬಿಟ್ಟಿತು. ಕಿರಾಣಿ ಅಂಗಡಿಯ ಬಾಪು ಒಬ್ಬ ಮಾತ್ರ, "ನನಗೇನ ಹಂಗ ಕಾಣಲಿಲ್ಲಪಾ. ಏ ಧೈರ್ಯಾ, ಇನ್ನೊಮ್ಮೆ ಹಾಕು, ನೋಡೂಣು," ಎಂದ.

ಕೇತಕಿಯ ಬೆರಳು ಗುಂಡಿಯ ಮೇಲೆ ಹೋಯಿತು. ನಾನು ಎದ್ದು ಪ್ರೊಜೆಕ್ಟರಿನ ವೈರು ಕಿತ್ತೆ. "ಮುಗೀತು!" ಎಂದು ಕೂಗಿದೆ. "ಎಲ್ಲಾರೂ ಚಾ ಕುಡೀರಿ!"

ಓಣಿಯ ಆ ತುದಿಯವರೆಗೂ ಕೇಳಿಸಿತಂತೆ. ಕೇತಕಿ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಹೌಸಾ ಆಜಿ, "ಚಾ ಎಲ್ಲೈತೋ? ಯಾರ ಮಾಡ್ಯಾರ?" ಎಂದು ಗಾಬರಿಯಾಗಿ ಒಲೆಯ ಕಡೆ ಓಡಿದರು. ಬಾಗಿಲ ಬಳಿ ಆಬಾ ಇರಲಿಲ್ಲ. ಎಮ್ಮೆಯ ಕೊಟ್ಟಿಗೆಯಿಂದ ಅವರು ಜೋರಾಗಿ ಮೂಗು ಹಿಂಡಿಕೊಂಡದ್ದು ಕೇಳಿಸಿತು.

ಮರುದಿನ ಸಂಜೆ ಚೌಕದಲ್ಲಿ ತಾತ್ಯಾ ಕೋಲೂರಿಕೊಂಡು ಬಂದು ಎಮ್ಮೆಯ ಎದುರು ನಿಂತು, "ಹಿಂದ್ಯಾ, ಕೇಳಿಲ್ಲಿ," ಎಂದರು. ಆಬಾ, "ನಾ ಈ ಕಡೆ ಅದೇನಿ," ಎಂದರು. ತಾತ್ಯಾ ಈ ಕಡೆ ತಿರುಗಿದರು.

"ನೀ ಮಲಗಿದಿ. ಆದರ ಅರ್ಧಾ ಮಲಗಿದಿ, ಒಂದ ಭುಜಾ. ಅದಕ್ಕ ನಾನೂ ಅರ್ಧಾ ಮಾಡಿಸ್ತೇನಿ. ಒಂದ ಕಣ್ಣಿನ ಆಪರೇಶನ್. ಮಗಗ ಹೇಳೇನಿ, ಸೋಮವಾರ ಹೋಗೂದು."

"ಛಲೋ ಆತು ನೋಡು."

"ಕಣ್ಣ ಬಂದ ಮ್ಯಾಲೆ ಮೊದಲ ನಿನ್ನ ಸಿನಿಮಾ ನೋಡತೇನಿ. ಮೊದಲ ಅದನ್ನ."

ಆಬಾರ ಕೈ ಕೆಚ್ಚಲಿನ ಮೇಲೇ ನಿಂತಿತು. ಅವರು ತಾತ್ಯಾರನ್ನು ನೋಡಲಿಲ್ಲ, ಪಕ್ಕದಲ್ಲಿ ಲೋಟ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ನಾನು ಕಣ್ಣು ಮಿಟುಕಿಸಿದೆ. ಹಾಲು ಮತ್ತೆ ಸುರಿಯತೊಡಗಿತು.

ಮನೆಗೆ ಹೋಗಿ ಆ ಶಾಟನ್ನು ತೆರೆದು ನಿಧಾನವಾಗಿ ಮುಂದೆ ಹಿಂದೆ ಓಡಿಸಿ ನೋಡಿದೆ. ಎರಡೂ ಭುಜ ಸರಿಯಾಗಿಯೇ ತಾಗಿದ್ದವು. ಮಣ್ಣು ಸ್ವಲ್ಪ ಹಾರಿದ್ದೂ ಕಾಣುತ್ತದೆ. ಬಲಭುಜ ತಾಗಿ, ಎಡಭುಜ ಇನ್ನೂ ಗಾಳಿಯಲ್ಲಿರುವ ಒಂದು ಜಾಗವಿದೆ. ಆಗಲೇ ಬಿಸಿಲು ಮುಖದ ಮೇಲೆ ಬಂದಿರುತ್ತದೆ. ಅಲ್ಲಿ ಕತ್ತರಿಸಿದೆ. ಉಳಿದದ್ದನ್ನು ಅಳಿಸಿದೆ. ಕೇತಕಿಯನ್ನು ಕೇಳಿಯೇ ಅಳಿಸಿದೆ. ಅವಳು, "ನನ್ನ ಜೀವಮಾನದ ಶಾಟ್ ಅದು, ದರಿದ್ರದವನೇ," ಎಂದು ಬೈದು, ಆಮೇಲೆ, "ಅಳಿಸು," ಎಂದಳು.

ಕಾಲೇಜಿನಲ್ಲಿ ಗರ್ಗೆ ಸರ್ ಚಿತ್ರವನ್ನು ಎರಡು ಸಲ ನೋಡಿದರು. "ಎಲ್ಲಾ ಚೆನ್ನಾಗಿದೆ. ಕೊನೆಗೆ ಮಾತ್ರ ಅವಸರ ಮಾಡಿದ್ದೀಯ. ಅವನು ಪೂರ್ತಿ ಬೀಳುವ ತನಕ ಕಾಯಬೇಕಿತ್ತು. ಯಾಕೆ ಅಲ್ಲಿ ಕತ್ತರಿಸಿದೆ?" ಎಂದು ಎಲ್ಲರೆದುರು ಕೇಳಿದರು. ಹೇಳಲು ಕಾರಣ ಇತ್ತು, ಧ್ವನಿ ಇರಲಿಲ್ಲ. "ಹೌದು ಸರ್," ಎಂದೆ. ಅದು ಪ್ರಶ್ನೆಗೆ ಉತ್ತರವಲ್ಲ ಎಂದು ಅವರು ಹೇಳಿದ್ದು ಸರಿಯೇ.

ಎರಡನೆಯ ವರ್ಷದಲ್ಲಿ ದಿನಾಲೂ ಎದ್ದು ನಿಂತು ಮಾತಾಡಬೇಕಿತ್ತು. ನಾನು ಕಾಲೇಜು ಬಿಟ್ಟೆ. ಈಗ ಒಂದು ಸ್ಟುಡಿಯೋದಲ್ಲಿ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತೇನೆ. ಯಾರು ಕೊಟ್ಟ ಉಡುಗೊರೆ ನೋಡಿ ಯಾರು ಮುಖ ಸೊಟ್ಟ ಮಾಡಿದರು, ಮದುಮಗಳ ತಂದೆ ಯಾವಾಗ ಕಂಬದ ಹಿಂದೆ ಹೋಗಿ ಅತ್ತರು, ಎಲ್ಲ ನನಗೆ ಕಾಣಿಸುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ನಾನು ಆಬಾರ ಎಡಭುಜವನ್ನು ನೆನೆದು ತೀರ್ಮಾನ ಮಾಡುತ್ತೇನೆ. ಸ್ಟುಡಿಯೋದ ಮಾಲೀಕರು ನಾನು ನಿಧಾನ ಎನ್ನುತ್ತಾರೆ. ದೂರು ಮಾತ್ರ ಇನ್ನೂ ಬಂದಿಲ್ಲ.

ತಾತ್ಯಾರ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅವರು ಮನೆಗೂ ಹೋಗದೆ ಮಗನ ಗಾಡಿಯಿಂದ ಚೌಕದಲ್ಲೇ ಇಳಿದರು. ಕಪ್ಪು ಕನ್ನಡಕದೊಳಗಿಂದ ಮೊದಲು ಎಮ್ಮೆಯನ್ನು, ಆಮೇಲೆ ಆಬಾರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಎಷ್ಟ ಮುದಕ ಆಗೀಯಲೇ," ಎಂದರು. ನಾನು ಮೊಬೈಲಿನಲ್ಲಿ ಚಿತ್ರ ಹಾಕಿ ಕೈಗೆ ಕೊಟ್ಟೆ. ಆಬಾ ಎಮ್ಮೆಯ ಆ ಬದಿಗೆ ಹೋಗಿ, ಹಿಂಡಿ ಮುಗಿದ ಕೆಚ್ಚಲನ್ನೇ ಮತ್ತೆ ಹಿಂಡತೊಡಗಿದರು.

ಕೊನೆಯ ದೃಶ್ಯವನ್ನು ತಾತ್ಯಾ ಉಸಿರು ಬಿಗಿಹಿಡಿದು ನೋಡಿದರು. ಮುಗಿದ ಮೇಲೆ ನನ್ನ ಅಂಗಿ ಹಿಡಿದು ಹತ್ತಿರ ಎಳೆದುಕೊಂಡು ಪಿಸುಗುಟ್ಟಿದರು: "ಖರೇನ ತಾಗಿಲ್ಲಲೋ, ಧೈರ್ಯಾ!"

"ನೀವ ಹೇಳಿದ್ರಲ್ಲ ತಾತ್ಯಾ."

"ನಾ ಹೇಳಿದ್ದೆ..." ಎಂದು ಅವರು ನನ್ನನ್ನು ಆ ಒಂದು ಹೊಸ ಕಣ್ಣಿನಿಂದ ಬಹಳ ಹೊತ್ತು ನೋಡಿದರು. ಆಮೇಲೆ ಅಂಗಿ ಬಿಟ್ಟು, ಎಮ್ಮೆಯ ಆಚೆಗೆ ಕೇಳುವಂತೆ ದನಿ ಏರಿಸಿದರು. "ಏ ಹಿಂದ್ಯಾ, ಲೋಟಾ ತಾರಲೇ ಇಲ್ಲೆ! ಭುಜದ ವಿಷಯ ಇರಲಿ. ಹಾಲಿನಾಗ ನೀ ನೀರ ಹಾಕತಿ ಅನ್ನೂದು ಇವತ್ತ ಕಣ್ಣಾರೆ ನೋಡೂದೈತಿ ನನಗ!"